ಆಟಿಯಲ್ಲಿ ಕಂಪ್ಯೂಟರ್ ಗುಡಿಸಿದ್ದು

ಜನವರಿ ಒಂದು ಬಂತು, ಈ ವರ್ಷವಾದರೂ ಕಂಪ್ಯೂಟರನ್ನು ಒಪ್ಪ ಮಾಡಿಡಬೇಕು ಅನ್ನುವವರನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು. ಅವರಿಗೆ ಜನವರಿಯಲ್ಲಿ ಪುರುಸೊತ್ತು ಉಂಟಲ್ಲ! ನನ್ನದು ಡಿಟಿಪಿ ಕೆಲಸ. ಕೇರಳದ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ತೋಟದ ಮನೆ. ಚಾವಡಿಯ ಮೂಲೆಯಲ್ಲಿ ಒಂದು ಮೇಜು, ಎರಡು ಕಂಪ್ಯೂಟರು, ಒಂದು ಸ್ಕ್ಯಾನರು, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರು. ಮದುವೆ ಕಾಗದ, ಉಪನಯನದ ಕಾಗದ, ಜಾತ್ರೆಯ ನೋಟೀಸು, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಎಲ್ಲ ಇಲ್ಲೇ ತಯಾರಾಗಿ ಪ್ರೆಸ್ಸಿಗೆ ಹೋಗುವುದು. ದೀಪಾವಳಿಗೆ ಶುರುವಾದ ಗಡಿಬಿಡಿ ಮೇ ಕೊನೆಯ ಪತ್ತನಾಜೆಯವರೆಗೂ ಬಿಡುವುದಿಲ್ಲ. ಜನವರಿಯಲ್ಲಿ ನನಗೆ ತಲೆ ಬಾಚಿಕೊಳ್ಳಲಿಕ್ಕೇ ಸಮಯ ಸಿಗುವುದಿಲ್ಲ.

ಹಾಗೆ ನೋಡಿದರೆ ನಮ್ಮ ಊರಲ್ಲಿ ಹೊಸ ವರ್ಷಕ್ಕೆ ಬರಗಾಲವಿಲ್ಲ. ಜನವರಿ ಒಂದು ಆಯಿತು. ಬ್ಯಾಂಕಿನವರಿಗೆ ಏಪ್ರಿಲ್ ಒಂದು. ಯುಗಾದಿ ಒಂದು ಉಂಟು. ಮನೆಯಲ್ಲಿ ನಾವು ಹೊಸ ವರ್ಷ ಅನ್ನುವುದು ಬಿಸುವಿಗೆ, ಏಪ್ರಿಲ್ ನಡುವಿಗೆ, ಬೆಳಗ್ಗೆ ಎದ್ದು ಕಣಿ ನೋಡುವ ದಿನ. ಶಾಲೆ ಮಕ್ಕಳಿಗೆ ಜೂನ್. ಇಷ್ಟೆಲ್ಲ ಮುಗಿದ ಮೇಲೆ ಆಗಸ್ಟ್ ನಡುವಿಗೆ ಚಿಂಗಂ ಒಂದು, ಮಲಯಾಳದ ಹೊಸ ವರ್ಷ. ಈ ಸಲ, ಅಂದರೆ 2025ರಲ್ಲಿ, ಕೊಲ್ಲವರ್ಷ 1201 ಶುರುವಾಯಿತು. ತುಳುವಿನ ಸೋಣ ತಿಂಗಳು ಶುರುವಾಗುವುದೂ ಹೆಚ್ಚುಕಡಿಮೆ ಅವತ್ತೇ. ಅದಕ್ಕೆ ಮುಂಚಿನ ತಿಂಗಳು ಆಟಿ. ಆಟಿಯಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಭೂತಕೋಲ ಇಲ್ಲ, ಯಕ್ಷಗಾನ ಮೇಳದ ಆಟ ಇಲ್ಲ. ಎಲ್ಲೋ ಒಂದು ತಾಳಮದ್ದಳೆಯ ನೋಟೀಸು ಬಂದರೆ ಬಂತು. ಮನೆಯವರು ಅಡಿಕೆಗೆ ಮದ್ದು ಬಿಡಲಿಕ್ಕೆ ಮಳೆ ಬಿಟ್ಟ ಒಂದು ಹೊಳವು ಸಿಗುತ್ತದಾ ಎಂದು ಆಕಾಶ ನೋಡಿಕೊಂಡು ಜಗಲಿಯಲ್ಲಿ ಕೂತಿರುತ್ತಾರೆ. ನಾನು ಒಳಗೆ ಕಂಪ್ಯೂಟರ್ ನೋಡಿಕೊಂಡು ಕೂರುತ್ತೇನೆ. ಹಾಗಾಗಿ ನನ್ನ ಕಂಪ್ಯೂಟರಿಗೆ ಹೊಸ ವರ್ಷ ಸೋಣಕ್ಕೆ. ಗುಡಿಸಿ ಒರೆಸುವುದು ಆಟಿಯಲ್ಲಿ.

ಆದರೆ ಈ ಸಲ ಕೂತು ಇಡೀ ತಿಂಗಳು ಗುಡಿಸಿದ್ದು ಬರೀ ಪುರುಸೊತ್ತಿನಿಂದ ಅಲ್ಲ. ಕಳೆದ ವರ್ಷದ ಆಟಿಯಲ್ಲಿ ಒಂದು ಸಂಗತಿ ಆಯಿತು.

ಮಧ್ಯಾಹ್ನ ಮೂರು ಗಂಟೆ. ಕತ್ತಲು ಕವಿದ ಹಾಗೆ ಮಳೆ. ಬೈಲಿನ ಆಚೆ ಕರೆಯ ಮನೆಯವರು, ನಾನು ಅಣ್ಣ ಎಂದೇ ಕರೆಯುವುದು, ಕೊಡೆ ಮಡಚಿ ಜಗಲಿಗೆ ಹತ್ತಿದರು. ಮೂರು ದಿನದ ಹಿಂದೆ ಅವರ ಅಮ್ಮ ತೀರಿಕೊಂಡಿದ್ದರು. ಉತ್ತರಕ್ರಿಯೆಯ ಕಾಗದ ಆಗಬೇಕಿತ್ತು. ಹೆಸರು, ತಾರೀಕು, ಮಕ್ಕಳು ಮೊಮ್ಮಕ್ಕಳ ಹೆಸರು ಎಲ್ಲ ಒಂದು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು.

‘ಫೋಟೋ ಅಣ್ಣ?’ ಅಂದೆ.

‘ಫೋಟೋ ನಿನ್ನ ಹತ್ತಿರವೇ ಉಂಟಲ್ಲ ತಂಗೀ. ಅಪ್ಪನಿಗೆ ಎಂಬತ್ತು ದಾಟಿದಾಗ ಮಾಡಿದ ಸಹಸ್ರಚಂದ್ರದ ಕಾಗದಕ್ಕೆ ನೀನೇ ಸ್ಕ್ಯಾನ್ ಮಾಡಿದ್ದು. ಅಮ್ಮ ನಗಾಡ್ತಾ ಇರುವುದು. ನಮ್ಮ ಆಲ್ಬಂ ಪೂರ್ತಿ ಒರಲೆ ತಿಂದು ಹೋಯಿತು.’

ಆ ಫೋಟೋ ಕಣ್ಣ ಮುಂದೆ ಬಂತು. ದನದ ಹಟ್ಟಿಯ ಬಾಗಿಲು. ಕಂಕುಳಲ್ಲಿ ಹುಲ್ಲಿನ ಕಟ್ಟು. ಯಾರೋ ಏನೋ ತಮಾಷೆ ಹೇಳಿದ್ದಾರೆ, ಅವರು ಸೆರಗಿನಿಂದ ಬಾಯಿ ಮುಚ್ಚಲು ಹೋಗಿ ಕೈ ಅರ್ಧದಲ್ಲೇ ನಿಂತಿದೆ. ಕಾಗದಕ್ಕೆ ಮುಖದ ಭಾಗ ಮಾತ್ರ ಕತ್ತರಿಸಿ ಹಾಕಿದ್ದೆ, ಆದರೆ ಪೂರ್ತಿ ಫೋಟೋ ಇಟ್ಟುಕೊಂಡ ನೆನಪು ಚೆನ್ನಾಗಿ ಇತ್ತು. ಎಲ್ಲಿ ಇಟ್ಟದ್ದು ಎನ್ನುವುದೊಂದೇ ನೆನಪಿಲ್ಲ. ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ‘ಹಳೇದು’, ‘ಹಳೇದು ಎಲ್ಲ’, ‘ಡೆಸ್ಕ್‌ಟಾಪಿಂದ ತೆಗೆದದ್ದು’. ಅಮ್ಮನ ಹೆಸರು ಹೊಡೆದು ಹುಡುಕಿದೆ, ಇಲ್ಲ. ಮನೆಯ ಹೆಸರು ಹೊಡೆದೆ, ಇಲ್ಲ. ಸಹಸ್ರಚಂದ್ರ ಎಂದು ಹೊಡೆದೆ, ಅದೂ ಇಲ್ಲ. ಅಣ್ಣ ಕುರ್ಚಿಯ ತುದಿಯಲ್ಲಿ ಕೂತು ನೋಡುತ್ತಾ ಇದ್ದರು. ಆರು ಗಂಟೆಗೆ ಕರೆಂಟು ಹೋಯಿತು. ಅವರು ಎದ್ದು, ಪರವಾಗಿಲ್ಲ ತಂಗೀ, ಅಮ್ಮನ ಆಧಾರ್ ಕಾರ್ಡಿನ ಫೋಟೋ ಹಾಕು, ಹೊತ್ತಾಯಿತು ಅಂದರು.

ಆಧಾರ್ ಕಾರ್ಡಿನ ಫೋಟೋ ಹೇಗೆ ಇರುತ್ತದೆ ಎಂದು ನಿಮಗೆ ಗೊತ್ತು. ಅದನ್ನೇ ದೊಡ್ಡದು ಮಾಡಿ ಹಾಕಿದೆ. ಕಾಗದ ಪ್ರಿಂಟಾಗಿ ಹಂಚಿಯೂ ಆಯಿತು.

ಆಮೇಲೆ ಎರಡು ದಿನಕ್ಕೆ ಫೋಟೋ ಸಿಕ್ಕಿತು. ಹೇಗೆ ಸಿಕ್ಕಿತು ಎನ್ನುವುದನ್ನು ಹೇಳಬೇಕು, ಯಾರಿಗಾದರೂ ಉಪಯೋಗ ಆದೀತು. 2019ರಲ್ಲಿ ನಾನು ಹಳೆ ಕಂಪ್ಯೂಟರಿನದ್ದೆಲ್ಲ ಹೊಸತಕ್ಕೆ ಕಾಪಿ ಮಾಡಿದ್ದೆ. ವಿಂಡೋಸಿನಲ್ಲಿ ಒಂದು ಫೈಲಿಗೆ ಮುಖ್ಯವಾಗಿ ಎರಡು ತಾರೀಕು ಇರುತ್ತದೆ. ‘ಕ್ರಿಯೇಟೆಡ್’ ಅನ್ನುವುದು ಕಾಪಿ ಮಾಡಿದ ದಿನಕ್ಕೆ ಬದಲಾಗುತ್ತದೆ. ‘ಮಾಡಿಫೈಡ್’ ಅನ್ನುವುದು ಹಳೆಯದೇ ಉಳಿಯುತ್ತದೆ. ನಾನು ಪೆದ್ದಿ, ಕ್ರಿಯೇಟೆಡ್ ನೋಡಿ ಎಲ್ಲವೂ 2019ರದ್ದು ಎಂದುಕೊಂಡು ಬಿಟ್ಟುಬಿಟ್ಟಿದ್ದೆ. ಸಹಸ್ರಚಂದ್ರ ಆದದ್ದು 2013ರಲ್ಲಿ. ಮಾಡಿಫೈಡ್ ತಾರೀಕಿನ ಪ್ರಕಾರ ಸಾಲು ಮಾಡಿ 2013ಕ್ಕೆ ಹೋದರೆ ‘ಸ್ಕ್ಯಾನ್ 0047’. ಹಟ್ಟಿಯ ಬಾಗಿಲು, ಹುಲ್ಲಿನ ಕಟ್ಟು, ಅರ್ಧಕ್ಕೆ ನಿಂತ ಕೈ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಫ್ರೇಮು ಕಟ್ಟಿಸಿ ಹದಿಮೂರನೆಯ ದಿನಕ್ಕೆ ಕೊಂಡುಹೋಗಿ ಕೊಟ್ಟೆ. ಅಣ್ಣ ಏನೂ ಹೇಳಲಿಲ್ಲ. ದುಡ್ಡು ಎಷ್ಟು ಅಂತ ಕೇಳಿದರು, ನಾನು ಹೇಳಲಿಲ್ಲ.

ಹಾಗಾಗಿ ಈ ಸಲ ಶುರು ಮಾಡಿದ್ದು ಹೆಸರಿನಿಂದ. ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ ಬಣ್ಣ ಹಚ್ಚುವವರು ಇದ್ದಾರೆ. ನನ್ನ ಮಗನೇ ಒಬ್ಬ. ಬೆಂಗಳೂರಿನಲ್ಲಿ ಕೂತು ವಿಡಿಯೋ ಕಾಲಿನಲ್ಲಿ ‘ಅಮ್ಮಾ, ಎಂಟು ಫೋಲ್ಡರಿಗಿಂತ ಜಾಸ್ತಿ ಇರಬಾರದು’ ಅನ್ನುತ್ತಾನೆ. ಇರಲಿ ಮಾರಾಯ, ಎಂಟು ಇರಲಿ ಎಂಬತ್ತು ಇರಲಿ. ನನಗೆ ಬೇಕಾದದ್ದು ಕೇಳಿದಾಗ ಸಿಗುವುದು. ಯಾರಾದರೂ ಇದನ್ನು ಕೇಳಿಕೊಂಡು ಬಂದರೆ ಯಾವ ಶಬ್ದ ಹೇಳಿ ಕೇಳುತ್ತಾರೆ? ಆ ಶಬ್ದ ಫೈಲಿನ ಹೆಸರಿನಲ್ಲಿ ಇರಬೇಕು. ನಮ್ಮಲ್ಲಿ ಜನ ಕೇಳುವುದು ಮೂರೇ ವಿಷಯ: ಯಾವ ವರ್ಷ, ಯಾವ ಮನೆ, ಎಂತ ಕಾರ್ಯ. ಹಾಗಾಗಿ ಹೆಸರು ಹೀಗೆ: 2013-05, ಮನೆಯ ಹೆಸರು, ಸಹಸ್ರಚಂದ್ರ, ಫೋಟೋ. ವರ್ಷ ಮೊದಲು, ತಿಂಗಳು ಆಮೇಲೆ. ನಾವು ಬರೆಯುವ ಹಾಗೆ ದಿನ ಮೊದಲು ಹಾಕಿದರೆ 2011ರ ಒಂದನೇ ತಾರೀಕು, 2024ರ ಒಂದನೇ ತಾರೀಕು ಎಲ್ಲ ಒಟ್ಟಿಗೆ ಬಂದು ಕೂರುತ್ತವೆ.

ಊರಿನ ಹೆಸರು ಮಾತ್ರ ದೊಡ್ಡ ಮಂಡೆಬಿಸಿ. ನಮ್ಮ ಊರುಗಳಿಗೆ ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು, ಇಂಗ್ಲಿಷಿನಲ್ಲಿ ಬಸ್ಸಿಗೊಂದು. ಬದಿಯಡ್ಕ ಬೋರ್ಡಿನಲ್ಲಿ ಬದಿಯಡುಕ್ಕ. ಕುಂಬಳೆ ಕುಂಬ್ಳ. ಮಂಜೇಶ್ವರಕ್ಕೆ ಬಾಲದಲ್ಲಿ ಒಂದು ಅಂ. ನಾನೇ ಬೇರೆ ಬೇರೆ ವರ್ಷ ಬೇರೆ ಬೇರೆ ಹಾಗೆ ಬರೆದಿದ್ದೆ. ಈಗ ಅಪ್ಪ ಅಮ್ಮ ಕರೆದ ಹಾಗೆ ಕನ್ನಡದ್ದೇ ಸರಿ ಎಂದು ಒಂದಕ್ಕೆ ನಿಂತಿದ್ದೇನೆ. ಪ್ರೆಸ್ಸಿಗೆ ಹೋಗುವ ಫೈಲಿಗೆ ಮಾತ್ರ ಇಂಗ್ಲಿಷ್ ಅಕ್ಷರ. ಕನ್ನಡ ಹೆಸರಿನ ಫೈಲನ್ನು ಜಿಪ್ ಮಾಡಿ ಕಳಿಸಿದರೆ ಕೆಲವು ಸಲ ಅಲ್ಲಿ ಬರೀ ಚೌಕ, ಪ್ರಶ್ನೆಚಿಹ್ನೆ ಕಾಣುತ್ತದೆ. ಫೋನ್ ಮಾಡಿ ‘ಅಕ್ಕಾ, ಯಾವ ಚೌಕ ಪ್ರಿಂಟ್ ಹಾಕಬೇಕು?’ ಎಂದು ಕೇಳುತ್ತಾರೆ.

ಇನ್ನು ‘ಆಧಾರ’. ಇದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಮ್ಮ ಕಡೆ ಜಾಗೆಯ ದಸ್ತಾವೇಜಿಗೆ ಆಧಾರ ಅನ್ನುವುದು, ಮಲಯಾಳದ ರೂಢಿ. ಮಾವನವರು ಇದ್ದಾಗ ಜಾಗೆಯ ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿಸಿ ‘ಆಧಾರ’ ಎಂಬ ಫೋಲ್ಡರಿನಲ್ಲಿ ಹಾಕಿಸಿದ್ದರು. ಆಮೇಲೆ ಆಧಾರ್ ಕಾರ್ಡು ಬಂತು, ಅದನ್ನೂ ನಾನು ಅದೇ ಫೋಲ್ಡರಿಗೆ ಹಾಕಿದೆ, ಹೆಸರು ಒಂದೇ ಅಲ್ವಾ! ಒಮ್ಮೆ ಮನೆಯವರು ಬ್ಯಾಂಕಿನಲ್ಲಿ ಕೂತು ಮಗನಿಗೆ ಮೆಸೇಜು ಹಾಕಿದರು, ‘ಆಧಾರ ಕಳಿಸು’. ಅವನು ಗೂಗಲ್ ಡ್ರೈವಿನಿಂದ ಹುಡುಕಿ ಕಳಿಸಿದ. ಹದಿನಾಲ್ಕು ಪುಟ, ಅಜ್ಜನ ಕಾಲದ್ದು, ಸರ್ವೆ ನಂಬ್ರ, ನಾಲ್ಕು ಕರೆಯ ಚೆಕ್ಕುಬಂದಿ ಎಲ್ಲ ಸಮೇತ. ಕೌಂಟರಿನಲ್ಲಿ ಇದ್ದವರು ಮೊದಲ ಪುಟ ನೋಡಿ ನಗಾಡಿದರಂತೆ. ಈಗ ಫೋಲ್ಡರ್ ಎರಡು: ‘ಜಾಗೆ ಆಧಾರ’, ‘ಆಧಾರ್ ಕಾರ್ಡು’. ಮಾವ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಆಧಾರ ಅಂದರೆ ಆಧಾರವೇ, ಆ ಕಾರ್ಡಿಗೆ ಬೇರೆ ಹೆಸರು ಹಾಕು ಅನ್ನುತ್ತಿದ್ದರು.

ಹೆಸರು ಸರಿ ಮಾಡಿದರೂ ಹಳೆಯ ಫೈಲುಗಳ ಒಳಗೆ ಹುಡುಕಲಿಕ್ಕೆ ಆಗಲಿಲ್ಲ. ಇದು ಕನ್ನಡದಲ್ಲಿ ಟೈಪ್ ಮಾಡಿದ ನಮ್ಮಂಥವರಿಗೇ ಇರುವ ಕಷ್ಟ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡ್ ಬರುವ ಮೊದಲು ನಾವು ನುಡಿ, ಬರಹ, ಶ್ರೀಲಿಪಿಯ ಹಳೆ ಫಾಂಟುಗಳಲ್ಲಿ ಟೈಪ್ ಮಾಡಿದ್ದು. ಡಿಟಿಪಿಯವರು ಆಮೇಲೂ ಎಷ್ಟೋ ವರ್ಷ ಅದನ್ನೇ ಹಿಡಿದುಕೊಂಡಿದ್ದರು, ನಾನೂ ಸಹ. ಯಾಕೆಂದರೆ ನಾವು ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ 2001ರದ್ದು. ಆ ಫಾಂಟುಗಳಲ್ಲಿ ಪರದೆಯ ಮೇಲೆ ಕನ್ನಡ ಕಾಣುತ್ತದೆ ಅಷ್ಟೇ, ಒಳಗೆ ಇರುವುದು ಇಂಗ್ಲಿಷಿನ ಅಕ್ಷರ. ಅಕ್ಷರಕ್ಕೆ ಕನ್ನಡದ ವೇಷ ಹಾಕಿಸಿದ ಹಾಗೆ. ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಶಬ್ದದ ಫಾಂಟು ತೆಗೆದು ನೋಡಿ. ಮೊದಲು ಒಂದು ಪಿ, ಆಮೇಲೆ ತಲೆಯ ಮೇಲೆ ಓರೆ ಗೆರೆ ಹೊತ್ತ ಒಂದು ಎ, ಅದರ ಪಕ್ಕದಲ್ಲಿ ಬ್ರಿಟಿಷರ ಪೌಂಡಿನ ಚಿಹ್ನೆ! ವೇಷ ಕಳಚಿದ ಮೇಲೆ ಯಕ್ಷಗಾನದ ಚೌಕಿಯಲ್ಲಿ ಯಾರು ಯಾರು ಎಂದು ಗುರುತು ಸಿಗುವುದಾದರೂ ಹೇಗೆ? ಅದಕ್ಕೇ ‘ಸಹಸ್ರಚಂದ್ರ’ ಎಂದು ಯೂನಿಕೋಡಿನಲ್ಲಿ ಹೊಡೆದು ಎಷ್ಟು ಹುಡುಕಿದರೂ ಆ ಫೈಲುಗಳಲ್ಲಿ ಸಿಗದೇ ಇದ್ದದ್ದು. ಪಿಡಿಎಫ್ ಮಾಡಿ ಇಟ್ಟದ್ದರಲ್ಲೂ ಇದೇ ಕತೆ. ಓದಲಿಕ್ಕೆ ಆಗುತ್ತದೆ, ಹುಡುಕಲಿಕ್ಕೆ ಆಗುವುದಿಲ್ಲ.

ಒಂದು ಉಪಾಯ ಕಂಡುಕೊಂಡೆ. ಬೇಕಾದ ಶಬ್ದವನ್ನು ನುಡಿಯಲ್ಲೇ ಟೈಪ್ ಮಾಡಿ, ಆ ಅರ್ಥವಿಲ್ಲದ ಪಿ, ಎ, ಪೌಂಡಿನ ಸಾಲನ್ನು ಕಾಪಿ ಮಾಡಿ ಹುಡುಕುವ ಜಾಗದಲ್ಲಿ ಅಂಟಿಸುವುದು. ವರ್ಡ್ ಫೈಲುಗಳ ಮಟ್ಟಿಗೆ ನನಗೆ ಕೆಲಸ ಮಾಡಿತು. ಮುಖ್ಯವಾದದ್ದನ್ನು ಮಾತ್ರ ಯೂನಿಕೋಡಿಗೆ ಬದಲಾಯಿಸಿದೆ. ಬದಲಾಯಿಸುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಬದಲಾಯಿಸಿ ಹಾಗೇ ನಂಬಿ ಕೂರಬೇಡಿ. ಅರ್ಕಾವತ್ತು ಎಲ್ಲೆಲ್ಲೋ ಹಾರುತ್ತದೆ, ‘ಕಾರ್ಯಕ್ರಮ’ ಒಂದೊಂದು ಕಡೆ ಒಂದೊಂದು ಹಾಗೆ ಬರುತ್ತದೆ. ನಡುವೆ ಇಂಗ್ಲಿಷಿನಲ್ಲಿ ಬರೆದದ್ದು ಇದ್ದರೆ ಅದನ್ನೂ ಕನ್ನಡ ಎಂದು ತಿಳಿದು ಬದಲಾಯಿಸಿಬಿಡುತ್ತದೆ. ಒಂದು ದೇವಸ್ಥಾನದ ಸ್ಮರಣ ಸಂಚಿಕೆಯಲ್ಲಿ ಸೌಂಡ್ಸ್ ಆಂಡ್ ಲೈಟ್ಸಿನವರ ಜಾಹೀರಾತು ಯಾವುದೋ ಮಂತ್ರದ ಹಾಗೆ ಕಾಣಿಸಿತು. ದಿನಕ್ಕೆ ಎರಡು ಫೈಲು, ಒಂದು ಕೈಯಲ್ಲಿ ಹುರಿದ ಹಲಸಿನ ಬೀಜ, ಹೀಗೆ ಮೂವತ್ತೈದು ಫೈಲು ಆಯಿತು. ಉಳಿದವು ಹಾಗೇ ಇರಲಿ ಎಂದು ಬಿಟ್ಟೆ. ಎಲ್ಲವನ್ನೂ ಸರಿ ಮಾಡುತ್ತೇನೆ ಎಂದು ಹೊರಟರೆ ಏನೂ ಆಗುವುದಿಲ್ಲ.

ಅಳಿಸಿದ್ದು ಎಷ್ಟು ಎಂದು ಕೇಳಬೇಡಿ, ನಾನು ಜಾಸ್ತಿ ಅಳಿಸಲಿಲ್ಲ. ‘ಫೈನಲ್’, ‘ಫೈನಲ್ ಅಧ್ಯಕ್ಷರು ಬದಲು’, ‘ಫೈನಲ್ ಮೊದಲಿನ ಅಧ್ಯಕ್ಷರೇ’, ಇಂಥವುಗಳಲ್ಲಿ ಪ್ರಿಂಟಾದ ಒಂದನ್ನು ಇಟ್ಟು ಉಳಿದದ್ದು ತೆಗೆದೆ. ವಾಟ್ಸಾಪಿನ ಗುಡ್ ಮಾರ್ನಿಂಗ್ ಚಿತ್ರಗಳನ್ನು ಕಣ್ಣು ಮುಚ್ಚಿ ಅಳಿಸಿದೆ.

ಇನ್ನು ಬ್ಯಾಕಪ್, ಅಂದರೆ ಫೈಲುಗಳ ಇನ್ನೊಂದು ಪ್ರತಿ ಇಡುವುದು. ಇದರಲ್ಲಿ ನಾನು ತುಂಬ ಸಲ ಪೆಟ್ಟು ತಿಂದಿದ್ದೇನೆ. ಮೊದಲನೆಯ ಸಲ 2017ರಲ್ಲಿ, ಡೆಸ್ಕ್‌ಟಾಪಿನಲ್ಲಿ ಇದ್ದದ್ದನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಹಾಯಾಗಿದ್ದೆ. ಬೇಕಾದಾಗ ತೆರೆದರೆ ಅದರಲ್ಲಿ ಇದ್ದದ್ದು ಬರೀ ಶಾರ್ಟ್‌ಕಟ್. ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇರುತ್ತದಲ್ಲ, ಅದು. ಮನೆಯ ಬದಲು ಮನೆಗೆ ಹೋಗುವ ದಾರಿಯ ಬೋರ್ಡನ್ನು ಕಟ್ಟಿ ಇಟ್ಟ ಹಾಗೆ. ಅಂದಿನಿಂದ ಪ್ರತಿ ಮಾಡಿದ ಮೇಲೆ ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಫೈಲು ತೆರೆದು ನೋಡದೆ ಏಳುವುದಿಲ್ಲ.

ತಿಳಿದವರು ಹೇಳುವ ಲೆಕ್ಕ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ನನಗೆ ಇದು ನಮ್ಮ ಹವೆಯನ್ನು ನೋಡಿಯೇ ಮಾಡಿದ ಹಾಗೆ ಕಾಣುತ್ತದೆ. ಇಲ್ಲಿ ಅಕ್ಟೋಬರ್ ನವೆಂಬರಿನ ಸಂಜೆ ಗುಡುಗು ಶುರುವಾದರೆ ಮನೆಮನೆಯಲ್ಲಿ ಪ್ಲಗ್ ಕೀಳುವ ಓಟ. ತಾಮ್ರದ ತಂತಿಯ ಫೋನ್ ಇದ್ದ ಕಾಲದಲ್ಲಿ ಕರೆಂಟಿನ ಪ್ಲಗ್ ತೆಗೆದರೂ ಫೋನಿನ ವಯರಿನಲ್ಲಿ ಸಿಡಿಲು ಬಂದು ಒಮ್ಮೆ ಮೋಡೆಮು, ಅದರ ಹಿಂದೆಯೇ ಮದರ್‌ಬೋರ್ಡು ಎರಡೂ ಹೋಗಿತ್ತು. ಈಗ ಮನೆಗೆ ಬರುವುದು ಗಾಜಿನ ಎಳೆಯ ಕೇಬಲು, ಅದರೊಳಗೆ ಕರೆಂಟು ಹರಿಯುವುದಿಲ್ಲ. ಆದರೂ ಅಡಾಪ್ಟರ್ ಗೋಡೆಗೇ ಸಿಕ್ಕಿಸಿದ್ದಲ್ಲವಾ, ಹಾಗಾಗಿ ಓಟ ಇನ್ನೂ ನಿಂತಿಲ್ಲ. ಸಿಡಿಲು ಆದ ಮೇಲೆ ಥಂಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮನೆಯಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಹಳೆ ಸಿಡಿಗಳನ್ನು ತೆಗೆದು ನೋಡಿದರೆ ಮೇಲೆ ಬಿಳಿ ಬೇರು ಬಿಟ್ಟ ಹಾಗೆ ಬೂಸ್ಟು. ಎರಡು ಸಿಡಿ ಒರೆಸಿದ ಮೇಲೆ ಓದಿತು, ಉಳಿದದ್ದು ಹೋಯಿತು. ಈಗ ಹಾರ್ಡ್‌ಡಿಸ್ಕನ್ನು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ, ಕಪಾಟಿನಲ್ಲಿ ಇಟ್ಟಿದ್ದೇನೆ. ಪ್ರತಿ ಮಾಡುವಾಗ ಮಾತ್ರ ಕಂಪ್ಯೂಟರಿಗೆ ಸಿಕ್ಕಿಸುವುದು. ಸದಾ ಸಿಕ್ಕಿಸಿಯೇ ಇಟ್ಟರೆ ಸಿಡಿಲೂ ವೈರಸ್ಸೂ ಎರಡನ್ನೂ ಒಟ್ಟಿಗೆ ಕೊಂಡುಹೋಗುತ್ತವೆ.

ಬೇರೆ ಊರಿನ ಪ್ರತಿ ಇರುವುದು ಪುತ್ತೂರಿನಲ್ಲಿ, ಅಕ್ಕನ ಮನೆಯಲ್ಲಿ. ಪೆರ್ಲ, ಅಡ್ಯನಡ್ಕ, ವಿಟ್ಲ ದಾಟಿ ಹೋಗಬೇಕು. ವರ್ಷಕ್ಕೆ ಎರಡು ಸಲ ಹೋದಾಗ ಒಂದು ಡಿಸ್ಕು ಕೊಟ್ಟು ಇನ್ನೊಂದು ತರುತ್ತೇನೆ. ಅಕ್ಕ ಅದನ್ನು ಬಟ್ಟೆಯ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಇಡುತ್ತಾಳೆ. ರಾಜ್ಯದ ಗಡಿ ದಾಟಿದ ಪ್ರತಿ, ಎಷ್ಟು ಭದ್ರ ಎಂದು ನನಗೆ ಹೆಮ್ಮೆ ಇತ್ತು, 2020ರ ಮಾರ್ಚಿನವರೆಗೆ. ಕೊರೋನ ಬಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರಲ್ಲ, ಆಗ ಆಸ್ಪತ್ರೆಗೆ ಹೋಗಲಿಕ್ಕೇ ಜನ ಪರದಾಡಿದರು, ನನ್ನ ಡಿಸ್ಕಿನ ಮಾತು ಎಲ್ಲಿಂದ? ಸರಿಯಾಗಿ ಅದೇ ಬೇಸಗೆಯಲ್ಲಿ ಇಲ್ಲಿಯ ಡಿಸ್ಕು ಟಕ್ ಟಕ್ ಎಂದು ಶಬ್ದ ಮಾಡಿ ನಿಂತಿತು. ಪುತ್ತೂರಿನದ್ದು ಕೈಗೆ ಬರಲಿಕ್ಕೆ ತಿಂಗಳುಗಟ್ಟಲೆ ಕಾದೆ. ಈಗ ತೀರಾ ಬೇಕಾದದ್ದನ್ನು ಗೂಗಲ್ ಡ್ರೈವಿನಲ್ಲೂ ಹಾಕುತ್ತೇನೆ. ಅದಕ್ಕೆ ಮಣ್ಣು ಸುರಿಯಲಿಕ್ಕೆ ಆಗುವುದಿಲ್ಲ.

ಡ್ರೈವಿನದ್ದು ಬೇರೆ ರಗಳೆ. ಉಚಿತವಾಗಿ ಕೊಡುವುದು 15 ಜಿಬಿ. ಜಿಮೇಲು, ಡ್ರೈವು, ಫೋಟೋ ಮೂರಕ್ಕೂ ಸೇರಿ ಅಷ್ಟೇ. 2021ರ ಜೂನ್ 1ರಿಂದ ಹಾಕಿದ ಫೋಟೋಗಳೆಲ್ಲ ಈ ಲೆಕ್ಕಕ್ಕೆ ಬರುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದರಲ್ಲೇ. ತುಂಬಿದರೆ ಮೇಲು ಬರುವುದು ನಿಲ್ಲುತ್ತದೆ. ಹೋದ ಮಾರ್ಚಿನಲ್ಲಿ ಒಬ್ಬರು ಮದುವೆಯ ಮ್ಯಾಟರು ಮೂರು ಸಲ ಕಳಿಸಿ, ಸಿಕ್ಕಿಲ್ಲ ಎಂದು ನಾನು ಹೇಳಿ, ನೀವು ನೋಡುವುದೇ ಇಲ್ಲ ಎಂದು ಅವರು ಸಿಟ್ಟಾಗಿ, ಕೊನೆಗೆ ನೋಡಿದರೆ ಡಬ್ಬಿ ತುಂಬಿ ತುಳುಕುತ್ತಿತ್ತು. ಆಟಿಯಲ್ಲಿ ಕೂತು ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲುಗಳನ್ನು ಮಾತ್ರ ಹುಡುಕಿ ತೆಗೆದೆ. ಅರ್ಧ ಗಂಟೆಯಲ್ಲಿ 6 ಜಿಬಿ ಖಾಲಿ.

ಆಮೇಲೆ ಹಳೆಯ ಖಾತೆಯ ನೆನಪಾಯಿತು. ನಾನು ಮೊದಲು ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದಾಗ ಮಾಡಿದ ಮೇಲು. ತಮ್ಮನ ಮದುವೆಯ ಫೋಟೋಗಳೆಲ್ಲ ಅದರಲ್ಲೇ ಉಂಟು. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲಿನವರು ಅಳಿಸಬಹುದು, 2023ರ ಕೊನೆಯಿಂದ ಆ ನಿಯಮ ಉಂಟು. ಹೆದರಿ ತೆರೆಯಲು ಹೋದೆ. ಪಾಸ್‌ವರ್ಡ್ ಮರೆತುಹೋಗಿತ್ತು. ಹೊಸತು ಮಾಡೋಣ ಎಂದರೆ ಓಟಿಪಿ ಹೋಗುವುದು ಆ ಕಾಲದ ಕರ್ನಾಟಕದ ಸಿಮ್ಮಿಗೆ. ರೀಚಾರ್ಜು ಮಾಡದೆ ಬಿಟ್ಟ ನಂಬರನ್ನು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತಾರೆ. ಧೈರ್ಯ ಮಾಡಿ ನನ್ನದೇ ಹಳೆ ನಂಬರಿಗೆ ಫೋನ್ ಮಾಡಿದೆ. ದಾವಣಗೆರೆ ಕಡೆಯವರು ಯಾರೋ ಎತ್ತಿದರು. ವಿಷಯ ಹೇಳಿ, ಈಗ ಒಂದು ಓಟಿಪಿ ಬರುತ್ತದೆ, ಅದನ್ನು ಸ್ವಲ್ಪ ಹೇಳ್ತೀರಾ ಎಂದು ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ‘ಮೇಡಂ, ಓಟಿಪಿ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನೋರು ಹೇಳ್ಯಾರೆ’ ಎಂದು ಫೋನ್ ಇಟ್ಟರು. ನಾಚಿಕೆ ಆಯಿತು. ಅವರು ಮಾಡಿದ್ದೇ ಸರಿ ಅಲ್ವಾ? ನನ್ನ ಜಾಗದಲ್ಲಿ ಕಳ್ಳ ಇದ್ದಿದ್ದರೂ ಇದೇ ಮಾತು ಹೇಳುತ್ತಿದ್ದ.

ಕೊನೆಗೆ ಅಟ್ಟದ ಮೇಲಿದ್ದ ಹಳೆ ಲ್ಯಾಪ್‌ಟಾಪಿನಲ್ಲಿ ಆ ಖಾತೆ ತೆರೆದೇ ಇತ್ತು. ಪಾಸ್‌ವರ್ಡನ್ನೂ ಅದರ ಬ್ರೌಸರ್ ನೆನಪಿಟ್ಟುಕೊಂಡಿತ್ತು. ಫೋನ್ ನಂಬರು ಬದಲಾಯಿಸಿ, ಫೋಟೋ ಇಳಿಸಿಕೊಂಡು, ಅವತ್ತೇ ಕೂತು ನನ್ನ ಹೆಸರಿನಲ್ಲಿ ಎಲ್ಲೆಲ್ಲಿ ಯಾವ ಯಾವ ನಂಬರು ಕೊಟ್ಟಿದ್ದೇನೆ ಎಂದು ಒಂದು ಪಟ್ಟಿ ಮಾಡಿದೆ. ಪಾಸ್‌ವರ್ಡುಗಳನ್ನೆಲ್ಲ ಕೀಪಾಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಾಕಿದೆ. ಅದನ್ನು ತೆರೆಯುವ ಒಂದೇ ಒಂದು ಪಾಸ್‌ವರ್ಡನ್ನು ನೆನಪಿಟ್ಟುಕೊಂಡರೆ ಸಾಕು. ನನ್ನದು ಹವ್ಯಕ ಭಾಷೆಯ ಒಂದಕ್ಕೊಂದು ಸಂಬಂಧವಿಲ್ಲದ ಐದು ಶಬ್ದ. ಅದನ್ನು ಒಂದು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಜಾಗೆಯ ಆಧಾರದ ಜೊತೆ ಇಟ್ಟಿದ್ದೇನೆ. ಎಲ್ಲಿ ಉಂಟು ಎಂದು ಮನೆಯವರಿಗೆ ಗೊತ್ತು. ಮಾವನವರು ಹೋದಾಗ ಅವರ ಫೋನಿನ ಲಾಕು ತೆಗೆಯಲಿಕ್ಕೆ ಆಗದೆ, ಒಳಗೆ ಇದ್ದ ಹತ್ತು ವರ್ಷದ ನಂಬರುಗಳು ಹಾಗೇ ಹೋದವು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಯಾರಿಗೆಲ್ಲ ಹೇಳಬೇಕು ಎಂದು ನೆನಪು ಮಾಡಿ ಮಾಡಿ ಸಾಕಾಗಿತ್ತು.

ವಿಂಡೋಸಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟುಗಳು ನಿಂತವು. ಇನ್ನೊಂದು ವರ್ಷಕ್ಕೆ ಮುಂದೂಡುವ ದಾರಿಯೂ ಕೊಟ್ಟಿದ್ದರು. ನನ್ನ ಎರಡರಲ್ಲಿ ಒಂದು ಕಂಪ್ಯೂಟರಿಗೆ 11 ಹಾಕಲಿಕ್ಕೆ ಆಗುವುದೇ ಇಲ್ಲ, ಅಷ್ಟು ಹಳತು. ಲಿನಕ್ಸ್ ಹಾಕು ಎಂದು ಮಗನ ಒತ್ತಾಯ. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಉಬುಂಟು ಎಂಬ ಲಿನಕ್ಸಿನಲ್ಲೇ ಆಗುವುದು, ಅವನಿಗೆ ಅದು ಬಾಲವಾಡಿಯ ದೋಸ್ತಿ. ಆದರೆ ನನ್ನ ಪೇಜ್‌ಮೇಕರ್? ಹಾಗಾಗಿ ಹಳತರ ಇಂಟರ್‌ನೆಟ್ ವಯರು ಕಿತ್ತು, ಪೇಜ್‌ಮೇಕರಿಗೆ ಮಾತ್ರ ಎಂದು ಮೂಲೆಗೆ ಕೂರಿಸಿದ್ದೇನೆ. ಅಲ್ಲಿಂದ ಇಲ್ಲಿಗೆ ಪೆನ್‌ಡ್ರೈವಿನಲ್ಲಿ ಹೊರುವುದು. ಮಗ ನಗುತ್ತಾನೆ, ನಗಲಿ.

ಸೋಣ ಶುರುವಾದ ಮರುದಿನವೇ ಮೊದಲ ಗಿರಾಕಿ ಬಂದ. ಚೌತಿ ಸಮಿತಿಯ ಹುಡುಗ, ಬೈಕಿನಿಂದ ಇಳಿಯದೆ ಅಂಗಳದಿಂದಲೇ ಕೂಗಿದ, ‘ಅಕ್ಕಾ, ಹೋದ ವರ್ಷದ್ದೇ ನೋಟೀಸು. ತಾರೀಕು ಮಾತ್ರ ಬದಲು ಮಾಡಿದರೆ ಸಾಕು. 27, ಬುಧವಾರ. ಫೈಲು ಉಂಟಲ್ಲ?’

‘ಒಳಗೆ ಬಾ’ ಅಂದೆ. ಸ್ವಲ್ಪ ಜಂಬದಿಂದಲೇ ಅಂದೆ. ಅವನು ಹೆಲ್ಮೆಟ್ ತೆಗೆಯುವುದರೊಳಗೆ ‘ಚೌತಿ 2024’ ಎಂದು ಹೊಡೆದೆ. ಒಂದೇ ಫೈಲು, ಒಂದೇ ಕ್ಷಣ. ಪರದೆಯ ಮೇಲೆ ನೋಟೀಸು ಬಂದು ನಿಂತಿತು. ಅವನು ಬಗ್ಗಿ ಓದಿದ. ಮೇಲಿನಿಂದ ಕೆಳಗೆ ಬೆರಳು ಇಟ್ಟು ಓದಿದ. ಕೆಳಗಿನ ಸಾಲಿನಲ್ಲಿ ಬೆರಳು ನಿಂತಿತು.

‘ಅಕ್ಕಾ, ಇದರಲ್ಲಿ ಕೋಶಾಧಿಕಾರಿಯ ಹೆಸರು ತಪ್ಪಿದೆಯಲ್ಲ. ಹೋದ ವರ್ಷವೂ ಇದಕ್ಕೇ ಅವರು ಚಂದಾ ಪುಸ್ತಕ ವಾಪಸು ಕೊಟ್ಟದ್ದು.’